ಬೇವಿನ ಕೆಳಗಿನ ಗ್ರಾಮಸಭೆ

ತಿಕೋಂಡಿಯ ಸರಪಂಚ ಮಂಗಲಕಾಕು ಅವರ ಘನ ಸನ್ನಿಧಿಗೆ,

ಗಾಲಿಕುರ್ಚಿಯ ಮಾಳು ಎದ್ದು ನಿಂತಷ್ಟೇ ಗೌರವದಿಂದ ಬರೆಯುವುದೇನೆಂದರೆ,

ನಿನ್ನೆಯ ಗ್ರಾಮಸಭೆಯೂ ಪಂಚಾಯಿತಿ ಕಚೇರಿಯ ಮಾಳಿಗೆಯ ಮೇಲೆಯೇ ಇತ್ತು. ಮೆಟ್ಟಿಲು ಏರಲಾರದ ನಾನು ಬೇವಿನ ಕೆಳಗೆ ನನ್ನದೇ ಸಭೆ ಸಾರಿದೆ. ಮೊದಲು ಚಂದ್ರಾಬಾಯಿ ಅಜ್ಜಿ ಬಂದಳು: "ನನ್ನ ಮೊಣಕಾಲಿಗೂ ಇದ ಚಲೋ ಬಿಡೋ." ಅವಳ ಹಿಂದೆ ಅರ್ಧ ಊರು ಬಂತು. ಮೇಲೆ ಕೋರಂ ತುಂಬಲಿಲ್ಲ.

ನಮ್ಮನ್ನು ಬೈಯಲು ಇಳಿದು ಬಂದ ನೀವೂ, "ಮತ್ತ ಏರಾಕ ಆಗವಲ್ದೋ ಮಾಳ್ಯಾ" ಎಂದು ಕಟ್ಟೆಯ ಮೇಲೆ ಕುಳಿತಿರಿ. ಆಗ ಮೊದಲ ಸಲ ನಾನು ಸಭೆಯಲ್ಲಿ ಮಾತಾಡಿದೆ, ಕಚೇರಿಗೆ ಇಳಿಜಾರು ದಾರಿ ಕೇಳಿದೆ. ಯಾರೂ ಬೇಡ ಎನ್ನಲಿಲ್ಲ.

ಅದನ್ನು ಕಟ್ಟುವವರೆಗೆ ಸಭೆ ಕೆಳಗೇ ನಡೆಯಲಿ. ನಿಮಗೆ ಕುರ್ಚಿ ನಾವು ತರುತ್ತೇವೆ. ನನ್ನದನ್ನು ನಾನೇ ತರುತ್ತೇನೆ.

ಆಗಾಗ ನಿಮ್ಮ ಆಜ್ಞಾಧಾರಕ,
ಮಾಳು