ರಾಜನ ದನಿ, ಖಳನ ದನಿ

ಮೊರಬ
೧೯ ಜನವರಿ ೨೦೨೫

ಪ್ರೀತಿಯ ತಬಸುಮ್‌ಗೆ,

ನಿನ್ನ ಮಹಾನಂದಾಳ ನಮಸ್ಕಾರ. ನಾಜಮೀನ್‌ಗೆ ಹೆಣ್ಣು ಕೂಸು ಹುಟ್ಟಿದ ಸುದ್ದಿ ತಿಳಿಯಿತು. ನಿನ್ನ ಸೊಸೆಯ ಬಾಣಂತನದ ಹೊತ್ತಿಗೆ ನಾನು ದೇವಿಕೊಪ್ಪಕ್ಕೆ ಬಂದು ಎರಡು ದಿನ ಇರಬೇಕಿತ್ತು. ಬರಲಿಲ್ಲ. ನಿನ್ನ ಫೋನನ್ನೂ ಎತ್ತಲಿಲ್ಲ. ಬೈಯುವುದಿದ್ದರೆ ಬೈದುಬಿಡು. ಈ ಮನೆಯಲ್ಲಿ ಫೋನು ಹಿಡಿದು ಮಾತಾಡುವುದಕ್ಕೇ ನನಗೆ ನಾಚಿಕೆಯಾಗುತ್ತದೆ. ನಮ್ಮವರ ಮಾತು ಹೋಗಿದೆ, ಕಿವಿ ಹೋಗಿಲ್ಲ. ನಾನು ಅವರ ಎದುರಿಗೆ ಬಾಯ್ತುಂಬ ಮಾತಾಡುವುದು, ಅವರು ಸುಮ್ಮನೆ ಕೂತು ಕೇಳುವುದು ನನ್ನಿಂದ ಆಗದು. ಅದಕ್ಕೇ ಕಾಗದ ಹಿಡಿದೆ. ಅಕ್ಷರ ಕೆಟ್ಟಿದೆ, ಹೊಂದಿಸಿಕೊಂಡು ಓದು.

ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಈಗ ಕತ್ತಿನಲ್ಲೊಂದು ತೂತು, ಉಸಿರಾಟವೆಲ್ಲ ಅಲ್ಲಿಂದಲೇ. ನೋಡಲು ಬಂದವರು "ಜೀವ ಉಳೀತಲ್ಲವಾ, ಅದ ದೊಡ್ಡದು" ಎಂದು ಹೇಳಿ ಚಹಾ ಕುಡಿದು ಹೋಗುತ್ತಾರೆ. ನಾನು ಹೌದ್ರಿ ಎನ್ನುತ್ತೇನೆ.

ಆ ದನಿ ಎಂಥದೆಂದು ನಿನಗೆ ಹೇಳಬೇಕೇ? ಟೆಂಟಿನ ಸಿನಿಮಾದಲ್ಲಿ ನಾವಿಬ್ಬರೂ ಹೆಂಗಸರ ಕಡೆ ನೆಲದ ಮೇಲೆ ಕೂತಿರುತ್ತಿದ್ದೆವು. ನಡುವಿನ ಪರದೆಯ ಆಚೆ, ಗಂಡಸರ ಕಡೆಯಿಂದ ಯಾರೋ ಒಬ್ಬ, ನಾಯಕ ಬಾಯಿ ತೆರೆಯುವ ಮೊದಲೇ ಅವನ ಮಾತನ್ನು ಹೇಳಿಬಿಡುತ್ತಿದ್ದ. ಮಂದಿ ಬೈಯುತ್ತಿದ್ದರು. ನೀನು ನನ್ನ ತೊಡೆ ಚಿವುಟಿ, "ಇವನ್ನ ಯಾವಾಕಿ ಕಟಗೋತಾಳೋ, ಆಕಿ ಕಿವಿ ಉಳಿಯೂದಿಲ್ಲ ನೋಡು" ಎಂದಿದ್ದೆ. ಆ ಪುಣ್ಯವಂತೆ ನಾನೇ ಆದೆ. ಮದುವೆಯ ದಿನ ಹೊಸ್ತಿಲಿಗೆ ಅಡ್ಡ ನಿಂತ ಹೆಂಗಸರು ಹೆಂಡತಿಯ ಹೆಸರು ಸೇರಿಸಿ ಒಡಪು ಹೇಳಿ ಒಳಗೆ ಬರ್ರಿ ಎಂದು ಹಟ ಹಿಡಿದರಲ್ಲ, ಆಗಲೂ ಒಡಪು ಹೇಳಲಿಲ್ಲ. ರಾಣಿಯನ್ನು ಕರೆಯುವ ರಾಜನ ದನಿಯಲ್ಲಿ ನನ್ನ ಹೆಸರು ಕೂಗಿದರು. ಹಂದರವೆಲ್ಲ ನಕ್ಕಿತು.

ನಮ್ಮ ಕಿರಾಣಿ ಅಂಗಡಿಯಲ್ಲೂ ಅದೇ ಆಟ. ಬೆಲ್ಲ ಕೇಳಿದವರಿಗೆ ಬೆಲ್ಲದ ಜೊತೆ ಒಂದು ಡೈಲಾಗು ಪುಕ್ಕಟೆ. ಕಪ್ಪು ಬಿಳುಪಿನ ಕಾಲದ ಯಾವ ಚಿತ್ರವಾದರೂ ಸರಿ, ನಾಯಕ, ಖಳನಾಯಕ, ಮುದಿ ತಾಯಿ, ಎಲ್ಲರೂ ಅವರೊಬ್ಬರ ಗಂಟಲಲ್ಲಿದ್ದರು. ನಿರ್ದೇಶಕರನ್ನಂತೂ ಮನೆಯ ಹಿರಿಯರ ಹಾಗೆ ನೆನೆಯುತ್ತಿದ್ದರು. "ಈ ಪುಣ್ಯಾತ್ಮ ನೋಡು, ನಾಯಕಿ ಅಳೂ ಮುಂದ ಕ್ಯಾಮರಾ ಹಿಂದಕ ಸರಸ್ತಾನ. ಅಳಾವರಿಗೆ ಒಂದೀಟು ಜಾಗಾ ಕೊಡತಾನ" ಎಂದು ತಕ್ಕಡಿ ಹಿಡಿದುಕೊಂಡೇ ಹೇಳುತ್ತಿದ್ದರು. ಗಿರಾಕಿ ಅಲ್ಲೇ ನಿಂತಿರಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ಒಳಗಿನಿಂದ ಕಿವಿ ಕೊಟ್ಟು ಕೇಳುತ್ತಿದ್ದೆ.

ಹೋದ ವರ್ಷ ದನಿ ಒಡೆಯಿತು. ಬೇರೆ ಯಾರಾದರೂ ಆಗಿದ್ದರೆ ಡಾಕ್ಟರ ಹತ್ತಿರ ಓಡುತ್ತಿದ್ದರು. ಇವರಿಗೆ ಖುಷಿ! "ಖಳನಾಯಕನ ದನಿ ಇಷ್ಟು ದಿನ ತೆಗದು ತೆಗದು ಗಂಟಲ ನೋಯತಿತ್ತು, ಈಗ ತಾನ ಬರಾಕತ್ತೈತಿ" ಎಂದು ಊರಿಗೆಲ್ಲ ಖಳನ ನಗೆ ನಕ್ಕು ತೋರಿಸಿದರು. ಊರೂ ಚಪ್ಪಾಳೆ ಹೊಡೆಯಿತು. ನಾನೂ ನಕ್ಕೆ ತಬಸುಮ್. ಅನ್ನ ಇಳಿಯದೆ ಹೋದ ಮೇಲೆಯೇ ಹುಬ್ಬಳ್ಳಿಗೆ ಹೋಗಿದ್ದು. ಅಷ್ಟರಲ್ಲಿ ಕೈ ಮೀರಿತ್ತು.

ಆಪರೇಶನ್ನಿಗೆ ಮೊದಲು ಡಾಕ್ಟರು, ದನಿ ಇರುವಾಗಲೇ ಬೇಕಾದ ಮಾತನ್ನು ಮೊಬೈಲಿನಲ್ಲಿ ತುಂಬಿಸಿ ಇಟ್ಟುಕೊಳ್ಳಿ ಎಂದರು. ಅಂಗಡಿಯ ಒಳಕೋಣೆಯಲ್ಲಿ ಗೋಣಿಚೀಲಗಳ ನಡುವೆ ದನಿ ಮಾರ್ದನಿಸುವುದಿಲ್ಲವೆಂದು ಅಲ್ಲಿಯೇ ಬಾಗಿಲು ಹಾಕಿಕೊಂಡು ಕೂತರು. ಒಡೆದ ದನಿಯಲ್ಲೇ ರಾಜನಾದರು, ಖಳನಾದರು, ಮಗನನ್ನು ಕಳೆದುಕೊಂಡ ತಾಯಿಯಾದರು. ನಮ್ಮ ಮಗಳು ಶೈಲಶ್ರೀ ಹೆರಿಗೆಗೆಂದು ತವರಿಗೆ ಬಂದಿದ್ದಳು. "ಅಪ್ಪಾ, ಹುಟ್ಟೂ ಕೂಸಿಗೆ ನಿಮ್ಮ ಮಾತಿನ್ಯಾಗ ಒಂದೀಟು ಏನಾರ ಹೇಳ್ರಿ" ಎಂದು ಬೇಡಿಕೊಂಡಳು. "ನನ್ನ ಮಾತಿನ್ಯಾಗ ಏನ ಐತಿ ತಂಗಿ? ಅದನ್ಯಾರು ಕೇಳ್ತಾರ?" ಎಂದರು. ಅದು ಬಿಂಕವಲ್ಲ, ನಿಜವಾಗಿಯೂ ಹಾಗೆಂದೇ ತಿಳಿದಿದ್ದರು. ಮದುವೆ, ತೊಟ್ಟಿಲು, ಯಾವ ವಿಡಿಯೋ ತೆಗೆದು ನೋಡಿದರೂ ಅದೇ ಕಥೆ. ಯಾರು ಮೊಬೈಲ್ ಎತ್ತಿದರೂ ಇವರು ಇವರಾಗಿ ಉಳಿಯುತ್ತಿರಲಿಲ್ಲ.

ಈಗ ಹಳೆಯ ಸಿನಿಮಾ ಟೀವಿಯಲ್ಲಿ ಬಂದರೆ ಎದ್ದು ಹೋಗುತ್ತಾರೆ. ಕತ್ತಿಗೆ ಹಿಡಿದು ಮಾತಾಡುವ ಯಂತ್ರ ಕೊಟ್ಟಿದ್ದಾರೆ. ಒಮ್ಮೆ ಹಿಡಿದರು. ಗಿರಣಿಯಂಥ ಸದ್ದು ಬಂತು, ಏರಿಲ್ಲ, ಇಳಿವಿಲ್ಲ. ಮತ್ತೆ ಮುಟ್ಟಲಿಲ್ಲ.

ಸಂಕ್ರಾಂತಿಯ ಸಂಜೆ ಅವರ ಸಿನಿಮಾದ ಗೆಳೆಯ ಭೀಮಶಿ ನಾಲ್ಕು ಮಂದಿಯನ್ನು ಕರೆದುಕೊಂಡು ಬಂದ. "ಕಾಶಿನಾಥಣ್ಣಾ, ನಿನ್ನ ರಾಜನ್ನ ಒಮ್ಮೆ ಕೇಳಸಪಾ" ಎಂದು ಇವರ ಮೊಬೈಲನ್ನು ಸ್ಪೀಕರಿಗೆ ಜೋಡಿಸಿದ. ದನಿ ಹೊರಡುತ್ತಿದ್ದಂತೆ ಇವರು ಎದ್ದು ನಿಂತರು. ಟವೆಲ್ಲನ್ನು ಹೆಗಲ ಮೇಲೆ ರಾಜನ ಹಾಗೆ ಎಸೆದುಕೊಂಡು, ಅದೇ ಕೈ, ಅದೇ ಹುಬ್ಬು, ದನಿಗೆ ಸರಿಯಾಗಿ ತುಟಿ ಆಡಿಸಿದರು. ಒಂದಿಷ್ಟೂ ತಪ್ಪಲಿಲ್ಲ. ಮಂದಿ ಸಿಳ್ಳು ಹೊಡೆದರು. ನನಗೂ ಒಂದು ಗಳಿಗೆ, ಎಲ್ಲ ಸರಿಹೋಯಿತು ಅನಿಸಿತು. ನಡುವೆ ಕೆಮ್ಮು ಬಂತು. ಕೆಮ್ಮು ಕತ್ತಿನ ತೂತಿನಿಂದ ಬಂತು, ಕಟ್ಟಿದ ಬಟ್ಟೆ ಹಾರಿತು. ಇವರು ಬಾಗಿ ನಿಂತರು. ರಾಜ ಮಾತ್ರ ಸ್ಪೀಕರಿನಲ್ಲಿ ಆರ್ಭಟಿಸುತ್ತಲೇ ಇದ್ದ. ಭೀಮಶಿ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟ.

ಅವತ್ತು ಒಳಗೆ ಹೋದವರು ಅಂಗಡಿಗೆ ಬಂದಿಲ್ಲ. ಮರುದಿನ ನಾನು ಹಾಲಿಗೆಂದು ಹೋಗಿ ಬರುವಷ್ಟರಲ್ಲಿ ತಮ್ಮ ಮೊಬೈಲಿನಲ್ಲಿ ತುಂಬಿಸಿದ್ದ ದನಿಗಳನ್ನೆಲ್ಲ ಅಳಿಸಿಬಿಟ್ಟಿದ್ದರು. ಒಂದೂ ಉಳಿಸಲಿಲ್ಲ. ಪಾಟಿಯ ಮೇಲೆ "ಅವ ಸತ್ತ" ಎಂದು ಬರೆದು ತೋರಿಸಿದರು. ನಾನು ಪಾಟಿ ಕಿತ್ತುಕೊಂಡು ಒರೆಸಿದೆ. ಅವರು ಇನ್ನೊಮ್ಮೆ ಅದನ್ನೇ ಬರೆದರು.

ಶೈಲಶ್ರೀ, "ಯವ್ವಾ, ಯಾಕ ಅಳತಿ? ಚಲೋ ಚಲೋವು ಎಲ್ಲಾ ನನ್ನ ಮೊಬೈಲಿನ್ಯಾಗ ಅದಾವ, ಭೀಮಶಿ ಕಾಕಾನ ಹಂತ್ಯಾಕೂ ಅದಾವ. ಏನೂ ಹೋಗಿಲ್ಲ" ಎಂದು ಸಮಾಧಾನ ಮಾಡಿದಳು. ಖರೆ. ಊರಿನ ಮೊಬೈಲುಗಳಲ್ಲೆಲ್ಲ ರಾಜನೂ ಖಳನೂ ಗಟ್ಟಿಯಾಗಿದ್ದಾರೆ. ನನಗೆ ಅವರಿಬ್ಬರೂ ಬೇಡ, ತಬಸುಮ್. ಇಷ್ಟು ವರ್ಷ ಕೂಡಿ ಬದುಕಿದ ಗಂಡ ನನ್ನ ಜೊತೆ ಹ್ಯಾಗೆ ಮಾತಾಡುತ್ತಿದ್ದ ಎಂದು ನೆನೆಸಿಕೊಳ್ಳಲು ಕೂತರೆ ಮಾತು ನೆನಪಾಗುತ್ತದೆ, ದನಿ ಬರುವುದಿಲ್ಲ.

ನಾಜಮೀನ್‌ಗೆ ಬಾಣಂತಿಯರು ತಿನ್ನುವ ಅಂಟಿನುಂಡಿ ಕಟ್ಟಿ ಕಲಘಟಗಿ ಬಸ್ಸಿನವರ ಕೈಯಲ್ಲಿ ಕಳಿಸುತ್ತೇನೆ. ಆ ಕೂಸು ಮನೆತುಂಬ ಗದ್ದಲ ಹಾಕುತ್ತ ಬೆಳೆಯಲಿ, ಅದರ ಬಾಯನ್ನು ಯಾರೂ ಮುಚ್ಚಿಸಬೇಡಿ. ನಿಮ್ಮೆಲ್ಲರ ಆರೋಗ್ಯ ಚೆನ್ನಾಗಿರಲಿ.

ನಿನ್ನ,
ಮಹಾನಂದಾ

ತಾ.ಕ.: ಶೈಲಶ್ರೀಗೂ ಹೇಳದ್ದನ್ನು ನಿನಗೆ ಹೇಳುತ್ತೇನೆ. ಅವರ ಮೊಬೈಲಿನಲ್ಲಿ ಕೆಟ್ಟುಹೋದ ತುಣುಕೊಂದಿತ್ತು. ಅವರು ರಾಜನ ಮಾತು ಹೇಳುತ್ತಿದ್ದಾಗ ನಾನು ತಿಳಿಯದೆ ಬಾಗಿಲು ತಳ್ಳಿ, "ರೊಟ್ಟಿ ಆರತಾವು, ಬರ್ರಿ" ಎಂದಿದ್ದೆ. ಅದಕ್ಕೆ ಅವರು, "ತಡಿ ಬೇ, ಎಲ್ಲಾ ಕೆಡಿಸಿದಿ. ನೀ ಉಣ್ಣಾಕ ಕೂಡು, ನಾ ಬಂದೆ" ಎಂದಿದ್ದರು. ಅಷ್ಟೇ. ಅವರು ಮಲಗಿದಾಗ ಹಿತ್ತಲಿಗೆ ಹೋಗಿ ನಾನು ಕೇಳುತ್ತಿದ್ದದ್ದು ಅದೊಂದನ್ನೇ. ಚಲೋವನ್ನೆಲ್ಲ ಊರಿಗೆ ಹಂಚಿದ್ದಾರೆ. ಕೆಟ್ಟದ್ದನ್ನು ಯಾರು ಯಾರಿಗೆ ಕಳಿಸುತ್ತಾರೆ? ಅದು ಅದೊಂದೇ ಮೊಬೈಲಿನಲ್ಲಿತ್ತು. ತಾವು ಅಳಿಸಿದ್ದು ಏನೆಂದು ಅವರಿಗೆ ಗೊತ್ತಿಲ್ಲ. ಯಾವತ್ತಾದರೂ ಇಲ್ಲಿಗೆ ಬಂದರೆ ನೀನೂ ಬಾಯಿ ಬಿಡಬೇಡ.