ನಿಮ್ಮ ರಕ್ಷಣೆಯಲ್ಲಿ ಸತ್ತ ಶಾಸ್ತ್ರ

ಪುರಾತನ ವಸ್ತುಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಕಳ್ಳರಿಂದ ಕಾಪಾಡುತ್ತೇವೆಂದು ನೀವು ಒಯ್ದ ನಮ್ಮ ಬಸದಿಯ ಎರಡು ಓಲೆಗರಿ ಕಟ್ಟುಗಳಲ್ಲಿ ಒಂದು ನಿಮ್ಮ ಉಗ್ರಾಣದಲ್ಲೇ ಹಾಳಾಗಿದೆ. ಕಳ್ಳರು ಒಯ್ದಿದ್ದರೆ, ಮಾರುವ ಆಸೆಗಾದರೂ ಒಣ ಜಾಗದಲ್ಲಿ ಇಡುತ್ತಿದ್ದರು.

ನಾನು ಹೊಸೂರಿನ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸ ಮಾಡುವವಳು. ಬೇರಿಕೆ ಹತ್ತಿರದ ಹಳ್ಳಿಯಲ್ಲಿದ್ದ ನನ್ನ ಸೋದರತ್ತೆ ಚಂದ್ರಮತಮ್ಮ ಆ ಕಟ್ಟುಗಳನ್ನು ಓದಬಲ್ಲ ಕೊನೆಯವರು. ಬಸದಿಯ ಪೂಜೆ ಮಾಡುತ್ತಿದ್ದ ನನ್ನ ತಾತ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದ ಓದು ಅದು. ಕರ್ಮ ಆತ್ಮಕ್ಕೆ ಹೇಗೆ ಅಂಟುತ್ತದೆ, ಹೇಗೆ ಕಳಚುತ್ತದೆ ಎಂದು ಹೇಳುವ ಪ್ರಾಕೃತ ಪದ್ಯಗಳು, ಅಂದರೆ ಗಾಹೆಗಳು, ಒಂದು ಕಟ್ಟಿನಲ್ಲಿ. ಅವಕ್ಕೆ ನಮ್ಮ ಹಿರೀಕರೊಬ್ಬರು ಹಳಗನ್ನಡದಲ್ಲಿ ಬರೆದ ಅರ್ಥ ಇನ್ನೊಂದರಲ್ಲಿ. ಲಿಪಿ ಎರಡಕ್ಕೂ ಕನ್ನಡವೇ. ಶಾಸ್ತ್ರವನ್ನೇ ಪೂಜಿಸುವ ಶ್ರುತಪಂಚಮಿಯಂದು ಅತ್ತೆ ಪ್ರತಿವರ್ಷವೂ ಗರಿಗಳನ್ನು ಬಿಡಿಸಿ, ಒರೆಸಿ, ಎಣ್ಣೆ ಸವರಿ ನೆರಳಿನಲ್ಲಿ ಹರಡುತ್ತಿದ್ದರು. ಭಾನುವಾರಗಳಲ್ಲಿ ನಾನು ಬಸ್ಸು ಹತ್ತಿ ಹೋಗಿ ಅವರ ಬಳಿ ಕಲಿಯುತ್ತಿದ್ದೆ.

2005ರಲ್ಲಿ ಪಕ್ಕದೂರಿನ ಗುಡಿಯ ವಿಗ್ರಹ ಕಳುವಾಯಿತು. ನಿಮ್ಮವರು ಜೀಪಿನಲ್ಲಿ ಬಂದರು. ಅತ್ತೆ ಕೈಮುಗಿದು ಕಟ್ಟುಗಳನ್ನು ಒಪ್ಪಿಸಿದರು. ಓದುವವರಿಗೆ ಗ್ರಂಥ ಕೊಡುವುದನ್ನು ನಾವು ಶಾಸ್ತ್ರದಾನ ಎನ್ನುತ್ತೇವೆ. ಓದದವರಿಗೆ ಕೊಡುವುದಕ್ಕೆ ನಮ್ಮಲ್ಲಿ ಹೆಸರಿಲ್ಲ. ನಿಮ್ಮಲ್ಲಿ ಅದಕ್ಕೆ ಸಂರಕ್ಷಣೆ ಎನ್ನುತ್ತಾರಂತೆ.

ಮುಂದಿನ ಶ್ರುತಪಂಚಮಿಗೆ ಎಣ್ಣೆ ಶೀಶೆ, ಹತ್ತಿಬಟ್ಟೆ ಹಿಡಿದು ಅತ್ತೆ ಕೃಷ್ಣಗಿರಿಯ ನಿಮ್ಮ ಕಚೇರಿಗೆ ಬಂದರು. ಜೊತೆಗೆ ನಾನಿದ್ದೆ. ನಿಮ್ಮ ಗುಮಾಸ್ತರು, ತಮಿಳಿನಲ್ಲಿ ಅಜ್ಜಿಯನ್ನು ಕರೆಯುವಂತೆ, "ಪಾಟಿ, ಇದು ಈಗ ಸರ್ಕಾರದ ಸ್ವತ್ತು. ನೀವು ಮುಟ್ಟಂಗಿಲ್ಲ" ಎಂದರು.

"ಹಂಗಾದ್ರೆ ನೀನೇ ಸವ್ರಪ್ಪ. ನಾನ್ ದೂರದಲ್ಲಿ ನಿಂತ್ಕೊಂಡು ಹೇಳ್ಕೊಡ್ತೀನಿ."

"ನಮ್ಗೆ ಆರ್ಡರ್ ಇಲ್ಲ ಪಾಟಿ. ಚೆನ್ನೈಯಿಂದ ತಜ್ಞರು ಬರ್ತಾರೆ."

ತಜ್ಞರು ಬಂದರಂತೆ. ಲಿಪಿ ತಮಿಳಲ್ಲವೆಂದು ಹೇಳಿ ಹೋದರಂತೆ. ಅದನ್ನು ಓದಬಲ್ಲ ಮುದುಕಿ ನಿಮ್ಮ ಬಾಗಿಲಿಗೇ ಬಂದು ಹೋಗಿದ್ದರಲ್ಲ ಸ್ವಾಮಿ, ಯಾರ ಕಣ್ಣಿಗೂ ಬೀಳಲಿಲ್ಲವೇ?

ನಾನು ವರ್ಷಗಟ್ಟಲೆ ಅರ್ಜಿ ಬರೆದ ಬಳಿಕ, ಕಳೆದ ಮಳೆಗಾಲ ಮುಗಿದ ಮೇಲೆ ನೋಡಲು ಅನುಮತಿ ಸಿಕ್ಕಿತು. ಉಗ್ರಾಣದ ಸೂರು ಸೋರಿ ಗಾಹೆಗಳ ಕಟ್ಟು ಒಂದೇ ಮುದ್ದೆಯಾಗಿತ್ತು. ಅತ್ತೆ ಉಗುರಿನ ತುದಿಯಿಂದ ಒಂದು ಗರಿಯನ್ನು ಎಬ್ಬಿಸಲು ನೋಡಿದರು. ಅದು ಪುಡಿಯಾಗಿ ಉದುರಿತು. ಒಳಗಿಂದ ಗೆದ್ದಲು ಹೊರಬಂದವು. ಹೊಸಕಿಹಾಕಲು ಕೈಯೆತ್ತಿದೆ, ಅತ್ತೆ ಹಿಡಿದುಕೊಂಡರು.

"ಸಾಯಿಸ್‌ಬ್ಯಾಡ ಕಣೆ. ಶಾಸ್ತ್ರ ಯಾವ್ದು, ಸೌದೆ ಯಾವ್ದು ಅಂತ ಅದ್ಕೇನ್ ಗೊತ್ತು?"

ಗೆದ್ದಲಿಗೆ ಗೊತ್ತಿರಲಿಲ್ಲ. ನಿಮಗೆ?

ಹೊರಡುವಾಗ, ಕಟ್ಟು ಸುಸ್ಥಿತಿಯಲ್ಲಿದೆ ಎಂದು ಬರೆದಿದ್ದ ಕಾಗದಕ್ಕೆ ನಿಮ್ಮವರು ಅತ್ತೆಯ ಸಹಿ ಕೇಳಿದರು. "ಸುಳ್ಳಿಗೆ ನನ್ ಕೈ ಬರಾಕಿಲ್ಲ" ಎಂದು ಅತ್ತೆ ಎದ್ದು ಬಂದರು. ಬಸ್ಸಿನಲ್ಲಿ ಬಾಯಿಪಾಠವಿದ್ದಷ್ಟು ಗಾಹೆಗಳನ್ನು ಮೆಲ್ಲಗೆ ಹೇಳುತ್ತ ಬಂದರು. ಒಂದು ಕಡೆ ಮುಂದಿನ ಸಾಲು ನೆನಪಾಗದೆ ನಿಂತರು. ಮತ್ತೆ ಮೊದಲಿಂದ ಶುರು ಮಾಡಿದರು, ಅಲ್ಲೇ ನಿಂತರು.

"ಮರ್ತ್ರೆ ತೆಗೆದು ನೋಡ್ಕೊಳ್ಳಾನ ಅಂದ್ಕೊಂಡಿದ್ದೆ ಕಣೆ," ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು. ಅತ್ತೆ ಮಾಘಮಾಸದಲ್ಲಿ ತೀರಿಕೊಂಡರು.

ಅರ್ಥದ ಕಟ್ಟು ಇನ್ನೂ ನಿಮ್ಮಲ್ಲಿದೆ. ಅಂಚಿಗಷ್ಟೇ ತೇವ ತಾಗಿದೆ. ಅದನ್ನು ಈ ಮಳೆಗಾಲಕ್ಕೆ ಮುಂಚೆ ಹಿಂದಿರುಗಿಸಿ. ಕಾನೂನು ಅಡ್ಡ ಬರುವುದಾದರೆ ನಿಮ್ಮ ಕಣ್ಣೆದುರೇ ಕೂತು ಬಿಡಿಸಲು, ಓದಲು, ಒಂದೊಂದು ಗರಿಯ ಫೋಟೊ ತೆಗೆಯಲು ಬಿಡಿ. ಪರಿಹಾರ ಬೇಡ, ವಿಷಾದವೂ ಬೇಡ. ಮೂಲವೇ ಹೋದ ಮೇಲೆ ಅರ್ಥ ಇಟ್ಟುಕೊಂಡು ಏನು ಮಾಡುತ್ತೀಯೆಂದು ನೀವು ಕೇಳಬಹುದು. ಉಳಿದ ಅರ್ಥ ಹಿಡಿದು, ಹೋದ ಮಾತುಗಳಲ್ಲಿ ಕೆಲವನ್ನಾದರೂ ಹುಡುಕುತ್ತೇನೆ. ಅದಕ್ಕೆ ನನ್ನ ಆಯುಷ್ಯ ಸಾಲುತ್ತದೋ ಇಲ್ಲವೋ ತಿಳಿಯದು. ನಿಮ್ಮ ಸೂರಿನ ಕೆಳಗೆ ಇನ್ನೊಂದು ಮಳೆಗಾಲ ಕಳೆಯುವಷ್ಟು ಆಯುಷ್ಯ ಆ ಗರಿಗಳಿಗಂತೂ ಇಲ್ಲ.

ಇಂತಿ,
ಪ್ರಾಕೃತ ಕಲಿಯಲು ಹೊರಟು ಅರ್ಜಿ ಬರೆಯುವುದನ್ನು ಕಲಿತ
ಶ್ರೀವಿದ್ಯಾ
ಅವಲಪಲ್ಲಿ, ಹೊಸೂರು