ಪಕ್ಕದ ಸೀಟಿನ ಭಾವನಿಗೆ

ಭಾವ, ಬೇಜಾರು ಮಾಡ್ಕೋಬೇಡಿ, ಮತ್ತೆ ಮೊದಲಿಂದ ಶುರು ಮಾಡ್ತಿದ್ದೀನಿ. ಈಗಷ್ಟೇ ಒಂದು ದೊಡ್ಡ ಪುರಾಣ ಹೇಳಿ ಮುಗಿಸಿದೆ. ಆಮೇಲೆ ನೋಡಿದರೆ ರೆಕಾರ್ಡಿಂಗ್ ಗುಂಡಿ ಒತ್ತೇ ಇರಲಿಲ್ಲ. ಅಷ್ಟೂ ಗಾಳಿಗೆ ಹೋಯಿತು. ಪಕ್ಕದ ಬೆಂಚಿನ ಅಜ್ಜಿಯೊಬ್ಬರು ಮಾತ್ರ ಪೂರ್ತಿ ಕೇಳಿಸಿಕೊಂಡು, ನಿಮ್ಮ ಭಾವ ಬಹಳ ಒಳ್ಳೆಯವರಿರಬೇಕು ಅಂದರು. ಇರಲಿ, ಹೊರಗಿನವರಿಗೆ ಹಾಗೇ ಕಾಣೋದು.

ಸಿಸ್ಟರ್ ಕಟ್ಟಪ್ಪಣೆ ಮಾಡಿದ್ದಾರೆ. ಏನೇ ಹೇಳಿದರೂ ಮೊದಲು ನಾನು ಯಾರು, ಇವತ್ತು ಯಾವ ದಿನ, ನೀವು ಎಲ್ಲಿದ್ದೀರಿ ಅಂತ ಹೇಳಬೇಕಂತೆ. ಕಿಟಕಿ ಇಲ್ಲದ ಕೋಣೆ, ಮೇಲೆ ಜ್ವರ, ಅದರ ಮೇಲೆ ಔಷಧಿ, ಎಂಥವರಿಗೂ ಹಗಲು ರಾತ್ರಿ ಕಲಸಿಹೋಗುತ್ತಂತೆ. ಸರಿ, ಕೇಳಿ. ನಾನು ನಿಮ್ಮ ಹೆಂಡತಿಯ ತಮ್ಮ. ನೀವೇ ಇಟ್ಟ ಹೆಸರಲ್ಲಿ ಹೇಳೋದಾದರೆ ರೇಡಿಯೋ. ಇವತ್ತು ಗುರುವಾರ, ಮಧ್ಯಾಹ್ನದ ಊಟದ ಹೊತ್ತು ಕಳೆದಿದೆ. ನೀವು ಆಸ್ಪತ್ರೆಯಲ್ಲಿ, ಹೃದ್ರೋಗಿಗಳ ತೀವ್ರ ನಿಗಾ ಘಟಕದಲ್ಲಿದ್ದೀರಿ. ಈ ಚಳಿಗಾಲದ ಫ್ಲೂ ವೈರಸ್ ಮೊದಲು ಅಕ್ಕನನ್ನ ಹಿಡೀತು. ಅವಳ ಹತ್ತಿರ ಅದರ ಆಟ ನಡೆಯಲಿಲ್ಲ, ನಿಮ್ಮ ಹತ್ತಿರ ಬಂತು. ಬೇರೆಯವರಾದರೆ ಕಂಬಳಿ ಹೊದ್ದು ಕೆಮ್ಮಿ ಎದ್ದುಬಿಡುತ್ತಿದ್ದರು. ಹೋದ ವರ್ಷ ಅಟ್ಯಾಕ್ ಆದಾಗಿನಿಂದ ನಿಮ್ಮ ಹೃದಯದ ಪಂಪು ಮೊದಲೇ ಸುಸ್ತಾಗಿತ್ತಲ್ಲ, ವೈರಸ್ ಸೀದಾ ಶ್ವಾಸಕೋಶಕ್ಕೆ ಇಳೀತು. ಅದಕ್ಕೇ ಮುಖಕ್ಕೆ ಆ ಮಾಸ್ಕು, ಪಕ್ಕದಲ್ಲಿ ಗಾಳಿ ಊದೋ ಯಂತ್ರ.

ಅಕ್ಕ ಮನೆಯಲ್ಲಿದ್ದಾಳೆ. ಜ್ವರ ಬಿಟ್ಟಿದೆ, ಕೆಮ್ಮು ಇದೆ, ಹಾಗಾಗಿ ಆಸ್ಪತ್ರೆಗೆ ಬರೋ ಹಾಗಿಲ್ಲ. ನನ್ನನ್ನೂ ಒಳಗೆ ಬಿಡೋದಿಲ್ಲ. ಗಾಜಿನ ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದೀನಿ. ನಾನು ಮಾತಾಡಿ ಮುಗಿಸಿದ ಮೇಲೆ ಸಿಸ್ಟರ್ ಈ ಫೋನನ್ನ ಸ್ಪಿರಿಟ್ ಹಾಕಿ ಒರೆಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ನಿಮ್ಮ ಕಿವಿಯ ಹತ್ತಿರ ಹಿಡೀತಾರೆ. ಈ ಫೋನ್ ಹುಟ್ಟಿದಾಗಿನಿಂದ ಇಷ್ಟು ಮಡಿಯಾಗಿ ಇದ್ದದ್ದಿಲ್ಲ.

ಮೊನ್ನೆ ಕಳಿಸಿದ ಮೊದಲನೇ ರೆಕಾರ್ಡಿಂಗ್ ನಿಮಗೆ ನೆನಪಿಲ್ಲದಿದ್ದರೆ ಒಳ್ಳೆಯದೇ. ಕಾಯಿಲೆ ಬಿದ್ದು ಮಲಗಿದವರ ಹತ್ತಿರ ಒಳ್ಳೆ ಮಾತಾಡಬೇಕು ಅಂತ, ನೀವು ನನಗೆ ತಂದೆ ಸಮಾನ, ನಮ್ಮ ಮನೆಗೆ ನೀವು ಮಾಡಿದ್ದನ್ನ ಈ ಜನ್ಮದಲ್ಲಿ ಮರೆಯೋದಿಲ್ಲ ಅಂತೆಲ್ಲ ಹೇಳಿದ್ದೆ. ನೀವು ಅದನ್ನ ಕೇಳಿ, ಕಣ್ಣು ಅಗಲ ಮಾಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಎರಡೂ ಕೈಯಲ್ಲಿ ಮಾಸ್ಕ್ ಹಿಡಿದು ಕಿತ್ತೇಬಿಟ್ಟಿರಂತೆ. ಎದೆಬಡಿತ ಏರಿ ಯಂತ್ರಗಳೆಲ್ಲ ಕೂಗಿಕೊಂಡವು. ಇದ್ದಬದ್ದವರೆಲ್ಲ ಓಡಿದರು. ಆಮೇಲೆ ಸಿಸ್ಟರ್ ಹೊರಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತರು.

‘ನೀವು ಅವರ ಹತ್ರ ಯಾವಾಗ್ಲೂ ಹೀಗೇ ಮಾತಾಡ್ತೀರಾ?’

ಇಲ್ಲ ಸಿಸ್ಟರ್ ಅಂದೆ. ಅಕ್ಕನ ಮದುವೆ ಆದಾಗಿನಿಂದ ನಮ್ಮಿಬ್ಬರ ನಡುವೆ ಒಂದು ನೆಟ್ಟಗಿನ ಮಾತು ನಡೆದಿಲ್ಲ ಅಂದೆ.

‘ಮತ್ತೆ ಈಗ ಯಾಕೆ ಶುರು ಮಾಡಿದ್ರಿ? ತಮ್ಮ ಕಥೆ ಮುಗೀತು ಅಂದ್ಕೊಂಡಿದಾರೆ ಅವರು. ದಿನಾ ಹೆಂಗೆ ಜಗಳ ಆಡ್ತೀರೋ ಹಂಗೇ ಆಡಿ.’

ನೋಡಿ ಭಾವ, ದೊಡ್ಡ ಆಸ್ಪತ್ರೆ ಅಂದರೆ ಹೀಗಿರಬೇಕು. ಹೊತ್ತಿಗೆ ಸರಿಯಾಗಿ ಮಾತ್ರೆ, ಹೊತ್ತಿಗೆ ಸರಿಯಾಗಿ ಜಗಳ.

ಹಾಗಾಗಿ ಮೊದಲು ನಿಜ ಹೇಳ್ತೀನಿ. ಮಾಸ್ಕ್ ಸರಿಯಾಗಿ ಕೂರಲಿ ಅಂತ ನಿಮ್ಮ ಮೀಸೆ ಬೋಳಿಸಿದ್ದಾರೆ. ನೀವಿನ್ನೂ ಕನ್ನಡಿ ನೋಡಿಲ್ಲ, ನಾನು ಗಾಜಿನಿಂದ ನೋಡಿದ್ದೀನಿ. ಮದುವೆ ಫೋಟೋದಲ್ಲಿ ಇದ್ದ ಹಾಗೇ ಕಾಣ್ತೀರಿ, ಅಂದರೆ ಬೆದರಿದ ಹಾಗೆ. ಅಕ್ಕನಿಗೆ ಹೇಳಿದರೆ ಕೆಮ್ಮೋದು ನಿಲ್ಲಿಸಿ ನಕ್ಕಳು, ಆಮೇಲೆ ನಗೋದು ನಿಲ್ಲಿಸಿ ಕೆಮ್ಮಿದಳು.

ಇನ್ನು ನಿಮ್ಮ ಡಾಕ್ಟರುಗಳು. ಒಬ್ಬರು ಹೃದಯದವರು, ಒಬ್ಬರು ಶ್ವಾಸಕೋಶದವರು. ಬೆಳಿಗ್ಗೆ ಬಾಗಿಲ ಹತ್ತಿರ ನಿಂತು ನಿಮ್ಮ ನೀರಿನ ವಿಚಾರಕ್ಕೆ ಪಂಚಾಯಿತಿ ಮಾಡ್ತಾರೆ. ಜ್ವರಕ್ಕೆ ಮೈ ಒಣಗಿದೆ, ಸ್ವಲ್ಪ ನೀರು ಕೊಡೋಣ ಅಂತ ಶ್ವಾಸಕೋಶದವರು. ಪಂಪು ತಡೆಯೋದಿಲ್ಲ, ನೀರೆಲ್ಲ ಶ್ವಾಸಕೋಶಕ್ಕೇ ಬಂದು ನಿಲ್ಲುತ್ತೆ ಅಂತ ಹೃದಯದವರು. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಆಗೋದಿಲ್ಲ. ಅತ್ತೆ ಸೊಸೆ ಇಬ್ಬರೂ ಒಂದೇ ಮನೆಯಲ್ಲಿದ್ದ ಹಾಗೆ. ಕೊನೆಗೆ ಒಂದು ವಿಷಯಕ್ಕೆ ಮಾತ್ರ ಇಬ್ಬರೂ ಒಪ್ಪಿದರು. ಅದನ್ನ ನಿಮಗೂ ಹೇಳಿದ್ದಾರಂತೆ. ಮಾಸ್ಕಿನಿಂದಲೇ ಕೆಲಸ ಆಗಬೇಕು. ಆಗದಿದ್ದರೆ ನಿದ್ದೆ ಬರಿಸಿ ಗಂಟಲಿಗೆ ಕೊಳವೆ ಹಾಕಬೇಕು. ಆ ನಿದ್ದೆಯ ಔಷಧಿಗೆ ರಕ್ತದೊತ್ತಡ ಕುಸಿದರೆ ನಿಮ್ಮ ಹೃದಯ ತಡ್ಕೊಳ್ಳುತ್ತೋ ಇಲ್ಲವೋ ಅಂತ ಹೃದಯದ ಡಾಕ್ಟರಿಗೇ ಧೈರ್ಯ ಇಲ್ಲ. ನೀವು ನೋಡಿದರೆ ಯಂತ್ರದ ಜೊತೆ ಗುದ್ದಾಟಕ್ಕೆ ನಿಂತಿದ್ದಿರಿ. ಅದು ಊದಿದಾಗ ಉಸಿರು ಬಿಗಿ ಹಿಡಿಯೋದು, ಅದು ನಿಂತಾಗ ಎಳೆಯೋದು. ಹೀಗೇ ಗುದ್ದಾಡಿದರೆ ಸೋಲೋದು ಯಂತ್ರ ಅಲ್ಲ ಅಂದರು ಶ್ವಾಸಕೋಶದ ಡಾಕ್ಟರು.

ನಿನ್ನೆ ಬೆಳಿಗ್ಗೆ ಅದೇ ತಲೆಬಿಸಿಯಲ್ಲಿ ನಮ್ಮ ಡ್ರೈವಿಂಗ್ ಸ್ಕೂಲ್ ಬಾಗಿಲು ತೆಗೆದೆ. ಮುಚ್ಚೇ ಇರೋಣ ಅಂತಿದ್ದೆ. ಆದರೆ ಬೇಕರಿ ಅಮ್ಮ ಹೊತ್ತಿಗೆ ಮುಂಚೆಯೇ ಬಂದು ಕಾರಿನ ಪಕ್ಕ ನಿಂತಿದ್ದರು. ಬರೋ ವಾರ ಅವರಿಗೆ ಟೆಸ್ಟ್ ಇದೆಯಲ್ಲ. ಬೇರೆ ದಾರಿ ಇಲ್ಲದೆ ನಿಮ್ಮ ಸೀಟಿನಲ್ಲಿ ನಾನು ಕೂತೆ. ಇಷ್ಟು ವರ್ಷ ಆಫೀಸಿನಲ್ಲಿ ಫೋನ್ ಎತ್ತಿಕೊಂಡು ಇದ್ದವನು ನಾನು, ಪಾಠದ ಹೊತ್ತಲ್ಲಿ ಆ ಸೀಟಿಗೆ ಕೂತದ್ದು ಇದೇ ಮೊದಲು. ಕಾಲಿನ ಕೆಳಗೆ ಇನ್ನೊಂದು ಬ್ರೇಕ್ ಪೆಡಲ್ ನೋಡಿ ಏನೋ ದೊಡ್ಡ ಮನುಷ್ಯ ಆದ ಹಾಗಾಯಿತು. ಅವರು ನಿಮ್ಮ ಆರೋಗ್ಯ ಕೇಳಿದರು, ನಾನು ಹೇಳೋಕೆ ಶುರು ಮಾಡಿದೆ. ಆ ದೊಡ್ಡ ಸರ್ಕಲ್ ಬಂತು. ಯಾವ ಕಡೆ ತಿರುಗಬೇಕು ಅಂತ ನಾನು ಹೇಳಲಿಲ್ಲ, ಅವರು ಪಾಪ ಸುತ್ತುತ್ತಲೇ ಇದ್ದರು. ಕೊನೆಗೆ ಅವರಾಗಿಯೇ ಗಾಡಿ ಪಕ್ಕಕ್ಕೆ ಹಾಕಿ ಕೇಳಿದರು, ‘ಕಥೆ ಮುಗೀತಾ, ಇಲ್ಲಾ ಇನ್ನೊಂದು ಸುತ್ತು ಹಾಕ್ಲಾ?’

ಮುಗಿದಿತ್ತು. ಯಂತ್ರದ ಜೊತೆ ಗುದ್ದಾಡೋದರವರೆಗೂ ಹೇಳಿದ್ದೆ. ಅದಕ್ಕೆ ಅವರು ನಕ್ಕರು ಭಾವ. ನನಗೆ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಕೇಳಿ. ಮೊದಲ ದಿನ ಅವರೂ ಹಾಗೇ ಮಾಡಿದ್ದರಂತೆ. ಹಿಟ್ಟು ನಾದೋ ಕೈ, ಸ್ಟಿಯರಿಂಗನ್ನ ಹಿಸುಕಿ ಹಿಡಿದು, ಎರಡೂ ಕಾಲು ಒಟ್ಟಿಗೆ ಒತ್ತಿ, ಗಾಡಿ ಕುಣಿದು ನಿಂತುಹೋಯಿತಂತೆ. ನೀವು ಬೈಯಲಿಲ್ಲವಂತೆ. ನಿಮ್ಮ ಮಾತನ್ನ ನಿಮ್ಮ ದನಿಯಲ್ಲೇ ಹೇಳಿ ತೋರಿಸಿದರು.

‘ಅಮ್ಮಾ, ಗಾಡೀನ ನೀವು ಹೊತ್ಕೊಂಡು ಹೋಗ್ಬೇಕಾಗಿಲ್ಲ. ಅದೇ ನಿಮ್ಮನ್ನ ಕರ್ಕೊಂಡು ಹೋಗುತ್ತೆ. ಬ್ರೇಕು ನನ್ನ ಕಾಲಡೀನೂ ಇದೆ. ನೀವು ಕೈ ಸಡಿಲ ಬಿಡಿ, ದೂರ ನೋಡಿ.’

ನೀವು ಇಷ್ಟು ಮೆತ್ತಗೆ ಮಾತಾಡ್ತೀರಿ ಅಂತ ನನಗೆ ಗೊತ್ತೇ ಇರಲಿಲ್ಲ. ನನಗೊಂದು ಮಾತು, ಬೇಕರಿ ಅಮ್ಮನಿಗೆ ಒಂದು ಮಾತು. ಇದರ ಬಗ್ಗೆ ಮನೆಗೆ ಬಂದ ಮೇಲೆ ಬೇರೆ ಜಗಳ ಇದೆ. ಆದರೆ ನಿನ್ನೆ ಅದನ್ನೇ ಎತ್ತಿಕೊಂಡು ಓಡಿಬಂದೆ. ಈ ಬೆಂಚಿನ ಮೇಲೆ ಕೂತು ಎರಡನೇ ರೆಕಾರ್ಡಿಂಗ್ ಮಾಡಿದೆ, ಅದು ನಿಮಗೆ ನೆನಪಿರಲೇಬೇಕು. ಹೀಗಂದಿದ್ದೆ: ಭಾವ, ಆ ಯಂತ್ರದ ಮುಂದೆ ನೀವು ಮಾಸ್ತರಲ್ಲ, ಕಲಿಯೋಕೆ ಬಂದವರು. ಮಾಸ್ತರು ಪಕ್ಕದ ಸೀಟಲ್ಲಿ ಕೂತು ಗಾಳಿ ಊದ್ತಿದ್ದಾರೆ. ನೀವು ನಿಮ್ಮ ಪೆಡಲ್ ಒತ್ತಿ ಮಾನ ಕಳೀಬೇಡಿ, ಕೈ ಸಡಿಲ ಬಿಡಿ, ದೂರ ನೋಡಿ.

ಮೊದಲು ಹುಬ್ಬು ಗಂಟಿಕ್ಕಿದಿರಂತೆ. ಆಮೇಲೆ ಮಂಚದ ಕಂಬಿ ಹಿಡಿದಿದ್ದ ಬೆರಳು ಒಂದೊಂದಾಗಿ ಬಿಟ್ಟವಂತೆ. ಸಿಸ್ಟರ್ ಅದನ್ನೇ ಮತ್ತೆ ಮತ್ತೆ ಹಾಕಿದರು. ಈಗ ಅವರಿಗೂ ಬಾಯಿಪಾಠ, ಪಕ್ಕದ ಮಂಚದವರಿಗೂ ಅದನ್ನೇ ಹೇಳ್ತಿದ್ದಾರೆ. ಆ ಕೋಣೆಯಲ್ಲಿ ದೂರ ನೋಡೋಕೆ ಏನೂ ಇಲ್ಲ ಅಂತ ಮಂಚದ ತಲೆ ಎತ್ತರಿಸಿ, ಸ್ವಲ್ಪ ಓರೆ ಮಾಡಿ, ಬಾಗಿಲಿನ ಕಡೆ ಮುಖ ಮಾಡಿಟ್ಟಿದ್ದಾರೆ. ಅಂದರೆ ನಿಮಗೆ ದೂರದಲ್ಲಿ ಕಾಣೋದು ನಾನೇ. ನಿಮ್ಮ ಹಣೆಬರಹ, ಅದಕ್ಕೆ ಯಾರೇನು ಮಾಡೋಕಾಗುತ್ತೆ.

ನಿನ್ನೆ ಸಂಜೆಯಿಂದ ನೀವೂ ಯಂತ್ರವೂ ಜೊತೆಯಾಗಿ ಉಸಿರಾಡ್ತಿದ್ದೀರಂತೆ. ಇವತ್ತು ಊಟಕ್ಕೆ ಮುಂಚೆ ಮತ್ತೆ ಮಣಿಕಟ್ಟಿನಿಂದ ರಕ್ತ ತೆಗೆದರು. ರಿಪೋರ್ಟ್ ನೋಡಿ, ಸ್ವಲ್ಪ ಹೊತ್ತು ಮಾಸ್ಕ್ ತೆಗೆದು ನೋಡಬಹುದೋ ಇಲ್ಲವೋ ಅಂತ ಹೇಳ್ತಾರೆ. ಇಬ್ಬರು ಡಾಕ್ಟರೂ ಒಳಗೆ ಹೋಗಿ ತುಂಬ ಹೊತ್ತಾಯಿತು. ಈ ಕಡೆ ಪರದೆ ಎಳೆದಿದ್ದಾರೆ, ನನಗೇನೂ ಕಾಣ್ತಿಲ್ಲ. ಸುಮ್ಮನೆ ಕೂರೋಕೆ ಆಗದೆ ಇದನ್ನ ಶುರು ಮಾಡಿದೆ. ನನಗೇನೂ ಆಗಿಲ್ಲ, ಆರಾಮಾಗಿದ್ದೀನಿ. ಕ್ಯಾಂಟೀನಿನ ಚಹಾ ಒಂದು ಬಿಟ್ಟರೆ ಏನೂ ತೊಂದರೆ ಇಲ್ಲ.

ಸರಿ, ಇಂತಿ ನಿಮ್ಮ ರೇಡಿಯೋ.

ಕಾಗದದಲ್ಲಾಗಿದ್ದರೆ ಇಲ್ಲಿ ತಾ.ಕ. ಅಂತ ಬರೀಬಹುದಿತ್ತು. ಇನ್ಮೇಲೆ ಹೇಳೋದನ್ನ ಮಾತ್ರ ಸಿಸ್ಟರಿಗೆ ಫೋನ್ ಕೊಡೋ ಮುಂಚೆ ಕತ್ತರಿಸಿಬಿಡ್ತೀನಿ, ಹೇಗೆ ಅಂತ ಗೊತ್ತಿಲ್ಲ, ಯಾರನ್ನಾದರೂ ಕೇಳ್ತೀನಿ. ಮೊನ್ನೆ ನೀವು ಮಾಸ್ಕ್ ಕಿತ್ತ ಮೇಲೆ ಡಾಕ್ಟರು ಬಂದು ನನ್ನನ್ನ ಕೇಳಿದರು, ಬೇಕಾದರೆ ಕೊಳವೆ ಹಾಕಬಹುದಾ ಅಂತ. ಹೂಂ ಅಂದರೆ ಸಾಕು ಅಂದರು. ಬೆಳಗಾದರೆ ಬಾಯಿ ಮುಚ್ಚದ ನನಗೆ ಆ ಒಂದು ಹೂಂ ಬರಲಿಲ್ಲ ಭಾವ. ಹೂಂ ಅಂದು ನೀವು ಏಳದಿದ್ದರೆ ಅಂತ, ಊಹೂಂ ಅಂದು ನೀವು ಏಳದಿದ್ದರೆ ಅಂತ. ಅಕ್ಕನಿಗೆ ಫೋನ್ ಮಾಡಿ ಡಾಕ್ಟರ ಕೈಗೆ ಕೊಟ್ಟೆ. ಕೊನೆಗೆ ಅಕ್ಕನೇ ಫೋನಿನಲ್ಲಿ ಹೂಂ ಅಂದಳು. ಆಮೇಲೆ ನನಗೆ, ‘ನೀನು ಅಲ್ಲೇ ಕೂತಿರು, ಮಾತಾಡ್ತಾ ಇರು. ನೀನು ಸುಮ್ನಾದ್ರೆ ಅವರು ನಿಜವಾಗ್ಲೂ ಹೆದರ್ತಾರೆ’ ಅಂದಳು. ಅದಕ್ಕೇ ನಿಲ್ಲಿಸ್ತಿಲ್ಲ. ಇವತ್ತು ಅವರು ಬಂದು ಮತ್ತೆ ಅದೇ ಕೇಳಿದರೆ ನಾನು...

ತಡೀರಿ. ಬಾಗಿಲು ತೆಗೀತು. ಸಿಸ್ಟರ್, ಕೈಯಲ್ಲಿ ಒಂದು ಗೌನ್ ಹಿಡ್ಕೊಂಡು ನನ್ನನ್ನೇ ಕರೀತಿದ್ದಾರೆ. ಏನು ಸಿಸ್ಟರ್? ಮಾಸ್ಕ್ ತೆಗೆದಿದ್ದಾರಾ? ನೀವೇ ತೆಗೆದ್ರಾ, ಅವರು ಕಿತ್ತರಾ?

ಭಾವ, ಡಾಕ್ಟರೇ ತೆಗೆದದ್ದಂತೆ. ರಿಪೋರ್ಟ್ ಚೆನ್ನಾಗಿದೆಯಂತೆ, ಕೊಳವೆ ಬೇಡವಂತೆ. ನನ್ನನ್ನ ಒಳಗೆ ಬಿಡ್ತಾರಂತೆ, ಐದು ನಿಮಿಷ. ಒಂದೇ ಷರತ್ತು ಅಂತೆ. ಮಾತಾಡೋದು ನೀವು, ಬಾಯಿ ಮುಚ್ಚಿ ಕೇಳಬೇಕಾದ್ದು ನಾನು.

ಹೂಂ ಸಿಸ್ಟರ್. ಹೂಂ, ಹೂಂ, ಬಂದೆ. ಭಾವ, ಇಡ್ತೀನಿ.